ಮುರುಕು ಗೀಟು

ಮೇಘಶ್ರೀ ಬೆಂಚಿನಿಂದ ಎದ್ದು ಬಂದು ಉತ್ತರ ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟಾಗಲೇ ಅವಳು ಏನು ಕೇಳುತ್ತಾಳೆಂದು ಲೆಕ್ಕದ ಮೇಷ್ಟ್ರು ಷಡಕ್ಷರಿಗೆ ಗೊತ್ತಾಯಿತು. ಹತ್ತನೇ ತರಗತಿಯ ಸೇತುಬಂಧ ಪರೀಕ್ಷೆ ಅದು. ಹೋದ ವರ್ಷ ಓದಿದ್ದನ್ನು ಮಕ್ಕಳು ಮರೆತಿಲ್ಲವೆಂದು ಮೇಲಿನವರಿಗೆ ತೋರಿಸಲು ಶಾಲೆ ಶುರುವಾದ ಕೂಡಲೇ ನಡೆಸುವ ಶಾಸ್ತ್ರ. ಕಂಬ ನಕ್ಷೆಯ ಪ್ರಶ್ನೆಯಲ್ಲಿ ಅವಳಿಗೆ ಅರ್ಧ ಅಂಕ ಹೋಗಿತ್ತು. ಅಂಕ ಕಳೆದದ್ದು ನಿನ್ನೆ ಸಂಜೆ, ಕೆಂಪು ಪೆನ್ನಿನಲ್ಲಿ, ಎರಡನೇ ಸಲ ಯೋಚನೆ ಕೂಡ ಮಾಡದೆ.

"ಮುರುಕು ಗೀಟು ಹಾಕಿದೀನಿ ಸಾ," ಎಂದಳು. "ಇಲ್ನೋಡಿ."

ಹಾಕಿದ್ದು ನಿಜ. ನಕ್ಷೆಯ ಎಡಗಡೆಯ ನೆಟ್ಟನೆ ಗೆರೆಯನ್ನು ಅವಳು ಸೊನ್ನೆಯಿಂದ ಶುರು ಮಾಡದೆ ಅರವತ್ತರಿಂದ ಶುರು ಮಾಡಿದ್ದಳು. ಹಾಗೆ ಮಾಡಬಹುದು, ತಪ್ಪಿಲ್ಲ. ಆದರೆ ಮಾಡಿದಾಗ ಗೆರೆಯ ಬುಡದಲ್ಲಿ ಒಂದು ಸಣ್ಣ ಅಂಕುಡೊಂಕು ಗುರುತು ಹಾಕಬೇಕು. ಇಲ್ಲಿಂದ ಕೆಳಗಿನದನ್ನು ಕತ್ತರಿಸಿದ್ದೇನೆ, ಈ ಕಂಬಗಳಿಗೆ ಕಾಣದ ಕಾಲು ಇವೆ, ಎತ್ತರ ನೋಡಿ ಮೋಸಹೋಗಬೇಡಿ ಎಂದು ನೋಡುವವರಿಗೆ ಹೇಳುವ ಗುರುತು ಅದು. ಮಕ್ಕಳು ಅದಕ್ಕೆ ಮುರುಕು ಗೀಟು ಎಂದು ಹೆಸರಿಟ್ಟಿದ್ದರು, ಷಡಕ್ಷರಿಯೂ ಆ ಹೆಸರನ್ನೇ ಬಳಸುತ್ತಿದ್ದ. ಮೇಘಶ್ರೀಯ ಗೀಟು ಪೆನ್ಸಿಲ್ಲಿನಲ್ಲಿತ್ತು, ಕಾಗದವನ್ನು ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುವಷ್ಟು ತೆಳ್ಳಗೆ.

"ಕಣ್ಣಿಗೇ ಕಾಣದಂಗೆ ಹಾಕಿದ್ರೆ ಯಾರಮ್ಮ ನೋಡ್ತಾರೆ? ಕಾಣದಿದ್ರೆ ಹಾಕದೇ ಇದ್ದಂಗೇ ಲೆಕ್ಕ," ಎಂದ. ತರಗತಿ ನಕ್ಕಿತು. ಅವಳು ಪತ್ರಿಕೆ ಮಡಿಸಿಕೊಂಡು ಹೋಗಿ ಕೂತಳು. ಷಡಕ್ಷರಿ ಬೋರ್ಡಿನ ಕಡೆ ತಿರುಗಿ ತಾರೀಕು ಬರೆಯತೊಡಗಿದ. ಈ ಮಾತು ಬಾಯಿಂದ ಇಷ್ಟು ಸಲೀಸಾಗಿ ಬಂದಿದ್ದು ಹೇಗೆ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಯಾಕೆಂದರೆ ಅದೇ ಹೊತ್ತಿಗೆ ಹೆಡ್‌ಮೇಷ್ಟ್ರ ಕೊಠಡಿಯ ಬೀರುವಿನ ಮೇಲೆ, ಅವನೇ ಬೆಳಿಗ್ಗೆ ತಂದಿಟ್ಟ ಡ್ರಾಯಿಂಗ್ ಷೀಟು ಸುರುಳಿಯಾಗಿ ಮಲಗಿತ್ತು. ಅದರ ಎಡಗಡೆಯ ಗೆರೆಯ ಬುಡದಲ್ಲೂ ಒಂದು ಮುರುಕು ಗೀಟಿತ್ತು. ಅದೂ ಪೆನ್ಸಿಲ್ಲಿನದೇ.

ಹೊರಗೆ ಆಷಾಢದ ಗಾಳಿ. ತೆಂಗಿನ ಗರಿಗಳು ಒಂದೇ ಕಡೆಗೆ ತಲೆ ಬಾಗಿಸಿ ನಿಂತಿದ್ದವು, ಮೈದಾನದ ಕೆಂಪು ಧೂಳು ಎದ್ದು ಕಿಟಕಿಯಿಂದ ಒಳಬರುತ್ತಿತ್ತು. ಈ ಶಾಲೆಯಲ್ಲಿ ಒಂದು ಪದ್ಧತಿ ಉಂಟು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಯಾವ ವಿಷಯದಲ್ಲಿ ನೂರಕ್ಕೆ ಎಷ್ಟು ಪಾಸಾದರು ಎಂಬುದನ್ನು ದೊಡ್ಡ ಷೀಟಿನ ಮೇಲೆ ಕಂಬಗಳಾಗಿ ಬರೆದು, ಕಂಬದ ಕೆಳಗೆ ವಿಷಯದ ಹೆಸರು, ಅದರ ಕೆಳಗೆ ಮೇಷ್ಟ್ರ ಹೆಸರು ಬರೆದು ಹೆಡ್‌ಮೇಷ್ಟ್ರ ಕುರ್ಚಿಯ ಹಿಂದೆ ತಗುಲಿಸುವುದು. ಬರೆಯುವ ಕೆಲಸ ಯಾವಾಗಲೂ ಷಡಕ್ಷರಿಯದು. ಅವನ ಅಕ್ಷರ ದುಂಡಗೆ, ಗೆರೆ ನೇರ. ಪ್ರತಿವರ್ಷ ಅವನು ಸೊನ್ನೆಯಿಂದಲೇ ಶುರು ಮಾಡಿ ಬರೆಯುತ್ತಿದ್ದ. ಕಂಬಗಳೆಲ್ಲ ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ನಿಲ್ಲುತ್ತಿದ್ದವು, ನೋಡಿದವರು ಒಳ್ಳೆ ಶಾಲೆ ಎಂದು ಹೇಳಿ ಕಾಫಿ ಕುಡಿದು ಹೋಗುತ್ತಿದ್ದರು. ಈ ವರ್ಷ ಮಾತ್ರ ಆಡಳಿತ ಮಂಡಳಿಯ ಕಾರ್ಯದರ್ಶಿ ರಜನೀಶ್ ಫೋನ್ ಮಾಡಿದ್ದ. ವಯಸ್ಸಿನಲ್ಲಿ ಷಡಕ್ಷರಿಗಿಂತ ಎಷ್ಟೋ ಚಿಕ್ಕವನು. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ, ಶ್ರವಣಬೆಳಗೊಳದಲ್ಲಿ ಒಂದು ಲಾಡ್ಜು, ಜೊತೆಗೆ ತಂದೆ ಕಟ್ಟಿದ ಈ ಶಾಲೆ, ಎಲ್ಲವೂ ಒಂದೇ ವರ್ಷ ಅವನ ಕೈಗೆ ಬಂದಿದ್ದವು.

"ಮೇಷ್ಟ್ರೇ, ಶುಕ್ರವಾರ ಮೀಟಿಂಗು. ಹೆಡ್‌ಮಾಸ್ಟರ್ ಪೋಸ್ಟಿಗೆ ಯಾರು ಅನ್ನೋದು ಅವತ್ತೇ ತೀರ್ಮಾನ ಆಗ್ಬೇಕು. ಎಲ್ಲಾರ್ದೂ ತೊಂಬತ್ತರ ಮೇಲೆ ಅಂತ ಒಂದೇ ಎತ್ತರ ಕಂಡ್ರೆ ಕಮಿಟಿಯೋರಿಗೆ ಏನ್ ಗೊತ್ತಾಯ್ತದೆ? ನೋಡಿದ್ ತಕ್ಷಣ ಗೊತ್ತಾಗೋ ಹಂಗೆ ಬರೀರಿ. ನೀವು ಲೆಕ್ಕದೋರು, ನಿಮಗೆ ನಾನ್ ಹೇಳ್ಬೇಕಾ?"

ಅಷ್ಟೇ ಅವನು ಹೇಳಿದ್ದು. ಹಳೇ ಹೆಡ್‌ಮೇಷ್ಟ್ರು ನಿವೃತ್ತರಾದ ಮೇಲೆ ಸೇವೆಯಲ್ಲಿ ಹಿರಿಯರು ಇಂಗ್ಲಿಷಿನ ದೇವಯ್ಯ ಮೇಷ್ಟ್ರು. ಅವರಾದ ಮೇಲೆ ಷಡಕ್ಷರಿ. ದೇವಯ್ಯ ಆ ಕುರ್ಚಿಯಲ್ಲಿ ಕೂರುವುದು ರಜನೀಶನಿಗೆ ಯಾಕೆ ಬೇಡ ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ರಜನೀಶನ ಅಪ್ಪನಾಗಿದ್ದರೆ ಜಗಲಿಯ ಮೇಲೆ ಕೂರಿಸಿಕೊಂಡು, "ನಮ್ಮೋರ ಸಂಸ್ಥೆ ಕಣಯ್ಯ, ನಮ್ಮೋರೇ ಕೂರ್ಬೇಕು," ಎಂದು ನೇರವಾಗಿ ಹೇಳಿಬಿಡುತ್ತಿದ್ದರು. ಹೇಳಿದ್ದರೆ ಷಡಕ್ಷರಿ ಆಗುವುದಿಲ್ಲ ಎನ್ನಬಹುದಿತ್ತು. ಎನ್ನುತ್ತಿದ್ದನೋ ಇಲ್ಲವೋ, ಎನ್ನುವುದಕ್ಕೆ ಒಂದು ಅವಕಾಶವಾದರೂ ಇರುತ್ತಿತ್ತು. ಮಗ ಜಾಣ. ನಕ್ಷೆ ನೋಡಿದ ತಕ್ಷಣ ಗೊತ್ತಾಗಬೇಕು ಎಂಬ ಮಾತಿನಲ್ಲಿ ತಪ್ಪು ಹುಡುಕುವುದು ಹೇಗೆ? ತರಗತಿಯಲ್ಲಿ ಷಡಕ್ಷರಿ ಹೇಳಿಕೊಡುವುದೂ ಅದನ್ನೇ.

ಮಧ್ಯಾಹ್ನದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಬಿಸಿಯೂಟಕ್ಕೆ ಓಡಿದರು. ಷಡಕ್ಷರಿ ಸ್ಟಾಫ್ ರೂಮಿಗೆ ಬಂದು ಡಬ್ಬಿ ಬಿಚ್ಚಿ ಕೂತ. ಹೋದ ಭಾನುವಾರ ಊಟದ ಮೇಜಿನ ಮೇಲೆ ಷೀಟು ಹಾಸಿಕೊಂಡು ಕೂತಾಗಲೂ ಇದೇ ಅವರೇಕಾಳಿನ ಸಾರಿನ ವಾಸನೆ ಮನೆಯಲ್ಲಿತ್ತು. ಮೊದಲು ಸೊನ್ನೆಯಿಂದಲೇ ಬರೆದ. ಆರು ಕಂಬಗಳು ಪ್ರಾರ್ಥನೆಗೆ ನಿಂತ ಹುಡುಗರ ಹಾಗೆ ಸಮಸಮನಾಗಿ ನಿಂತವು. ಪರೀಕ್ಷೆಗೆ ಕೂತ ಐವತ್ತು ಮಕ್ಕಳಲ್ಲಿ ಲೆಕ್ಕದಲ್ಲಿ ನಲವತ್ತೆಂಟು ಪಾಸು, ಇಂಗ್ಲಿಷಿನಲ್ಲಿ ನಲವತ್ತೈದು. ನೂರಕ್ಕೆ ತೊಂಬತ್ತಾರು, ತೊಂಬತ್ತು. ಇವನಿಗೂ ದೇವಯ್ಯನವರಿಗೂ ಇದ್ದ ಅಂತರ ಮೂರೇ ಮೂರು ಮಕ್ಕಳು. ಆ ಷೀಟನ್ನು ಮಡಿಸಿ ಕೆಳಗಿಟ್ಟು ಇನ್ನೊಂದು ಹಾಸಿದ. ಈ ಸಲ ಗೆರೆಯನ್ನು ಎಂಬತ್ತೆಂಟರಿಂದ ಶುರು ಮಾಡಿದ. ಒಂದು ಅಂಕಿಗೆ ಒಂದು ಮನೆಯಂತೆ ಇಂಗ್ಲಿಷಿಗೆ ಎರಡು ಮನೆ, ಲೆಕ್ಕಕ್ಕೆ ಎಂಟು ಮನೆ. ಒಂದು ಅಂಕಿಯೂ ಸುಳ್ಳಲ್ಲ. ಪಕ್ಕದಲ್ಲಿ ಎಂಬತ್ತೆಂಟು, ತೊಂಬತ್ತು, ತೊಂಬತ್ತೆರಡು ಎಂದು ದುಂಡಗೆ ಬರೆದ. ತನ್ನ ಹೆಸರಿನ ಮೇಲಿನ ಕಂಬಕ್ಕೆ ನೀಲಿ ಸ್ಕೆಚ್ ಪೆನ್ನು ಹಚ್ಚುತ್ತಿದ್ದಾಗ ಕೈಗೆ ಒಂಥರಾ ಹುರುಪು ಬಂದದ್ದು ಈಗ ನೆನಪಾಯಿತು. ಹುರುಪು ಬಂದಿತ್ತು, ಅದನ್ನು ಯಾಕೆ ಇಲ್ಲ ಅನ್ನಬೇಕು? ಇಷ್ಟು ವರ್ಷ ಮೇಷ್ಟ್ರಾಗಿ ದುಡಿದು, ಒಂದು ದಿನವಾದರೂ ಎತ್ತರ ಕಾಣಬೇಕೆಂದು ಯಾರಿಗೆ ಅನ್ನಿಸುವುದಿಲ್ಲ? ಎತ್ತರದಲ್ಲಿ ಕನ್ನಡ ಪಂಡಿತರು ಅವನಿಗಿಂತ ಮುಂದಿದ್ದರು, ಹಿಂದಿ, ಸಮಾಜದವರೂ ಮುಂದಿದ್ದರು. ಅವರೆಲ್ಲ ಸೇವೆಯಲ್ಲಿ ಕಿರಿಯರು, ಅವರ ಲೆಕ್ಕ ಯಾರಿಗೆ ಬೇಕಿತ್ತು? ನೋಡುವವರು ನೋಡುವುದು ಎರಡೇ ಕಂಬ.

ಹೆಂಡತಿ ನೀಲಗಂಗಮ್ಮ ಕೈಯೊರೆಸಿಕೊಂಡು ಬಂದು ಹಿಂದೆ ನಿಂತು ನೋಡಿದ್ದಳು.

"ಇದ್ಯಾಕ್ರೀ ದೇವಯ್ಯ ಮೇಷ್ಟ್ರುದು ಇಷ್ಟೇ ಇಷ್ಟು? ಅವ್ರೇನು ಪಾಠಾನೇ ಮಾಡ್ಲಿಲ್ವಾ?"

"ಲೆಕ್ಕ ಸರಿಯಾಗೈತೆ. ಬೇಕಾದ್ರೆ ಕೂಡಿ ನೋಡು."

"ನಾನ್ಯಾಕೆ ಕೂಡ್ಲಿ. ಕಣ್ಣಿಗೆ ಕಂಡಿದ್ದು ಹೇಳ್ದೆ," ಎಂದು ಅವಳು ಒಳಗೆ ಹೋದಳು. ಅವಳು ಹೋದ ಮೇಲೆಯೇ ಅವನು ಪೆನ್ಸಿಲ್ಲು ತೆಗೆದುಕೊಂಡು ಗೆರೆಯ ಬುಡದಲ್ಲಿ ಮುರುಕು ಗೀಟು ಹಾಕಿದ್ದು. ಮಸಿಯಲ್ಲಿ ತಿದ್ದಬೇಕು ಎಂದುಕೊಂಡ. ಬೇರೆ ಪೆನ್ಸಿಲ್ ಗೆರೆಗಳನ್ನೆಲ್ಲ ರಬ್ಬರಿನಿಂದ ಒರೆಸಿ, ಅದೊಂದನ್ನು ಬಿಟ್ಟು, ಷೀಟು ಸುತ್ತಿ ದಾರ ಕಟ್ಟಿದ. ಮಸಿಯ ವಿಷಯ ಮರೆತೇಹೋಯಿತು ಎಂದು ಯಾರಾದರೂ ಕೇಳಿದರೆ ಹೇಳಬಹುದು. ಆದರೆ ಅವನು ಮರೆತಿರಲಿಲ್ಲ. ಸೋಮವಾರ, ಮಂಗಳವಾರ, ದಿನಾ ಮನೆಯಲ್ಲಿ ಆ ಸುರುಳಿಯ ಪಕ್ಕದಲ್ಲೇ ಓಡಾಡುತ್ತ, ಗೀಟು ಇದೆಯಲ್ಲ, ಹತ್ತಿರ ಹೋಗಿ ನೋಡಿದವರಿಗೆ ಕಾಣುತ್ತದಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆ ಗೀಟು ಇರುವವರೆಗೆ ತಾನು ಸುಳ್ಳು ಹೇಳಿದವನಲ್ಲ. ನೋಡದೇ ಹೋದರೆ ತಪ್ಪು ನೋಡದವರದು.

ದೇವಯ್ಯ ಮೇಷ್ಟ್ರು ಊಟಕ್ಕೆ ತಡವಾಗಿ ಬಂದರು. ಪ್ಯೂನ್ ಪುಟ್ಟಸ್ವಾಮಿಗೆ ಷೀಟು ತಗುಲಿಸಲು ಸಹಾಯ ಮಾಡಲು ಹೋಗಿದ್ದರಂತೆ. ಗಾಳಿಗೆ ಷೀಟು ಪಟಪಟ ಹೊಡೆದುಕೊಂಡು ಪಿನ್ನು ನಿಲ್ಲಲಿಲ್ಲವಂತೆ, ಕೊನೆಗೆ ಕಿಟಕಿ ಹಾಕಿ ನಾಲ್ಕು ಮೂಲೆಗೂ ಮೊಳೆ ಹೊಡೆದರಂತೆ. ಅಂಗಿಯ ತೋಳಿಗೆ ಏನೋ ಪುಡಿ ಮೆತ್ತಿಕೊಂಡಿತ್ತು, ಚಾಕ್‌ಪೀಸಿನದಿರಬೇಕು. ಕೊಡವಿಕೊಂಡು ಷಡಕ್ಷರಿಯ ಎದುರಿಗೇ ಕೂತು ಡಬ್ಬಿ ಬಿಚ್ಚಿದರು.

"ಏನ್ ಚೆಂದಾಗಿ ಬರ್ದಿದ್ದೀರಿ ಮೇಷ್ಟ್ರೇ. ಅಚ್ಚು ಹಾಕ್ದಂಗೈತೆ," ಎಂದರು. ಆಮೇಲೆ ಮುದ್ದೆ ಮುರಿಯುತ್ತ ತಲೆ ಎತ್ತದೆ ನಕ್ಕರು. "ನಂದೊಂದೇ ಕುಳ್ಳಗೈತೆ."

"ತೊಂಬತ್ತು ಅಂದ್ರೆ ಕಮ್ಮಿಯಾ ಮೇಷ್ಟ್ರೇ?"

"ತೊಂಬತ್ತು ಅಂತ ನಾನೂ ಸಮಾಧಾನವಾಗೇ ಇದ್ದೆ. ಈಗ ಪಕ್ಕಪಕ್ಕದಲ್ಲಿಟ್ಟು ನೋಡಿದ್ಮೇಲೆ ಗೊತ್ತಾಯ್ತು. ಎಲ್ಲಾರೂ ಅಷ್ಟು ಮಾಡವ್ರೆ, ನಾನ್ ಇಷ್ಟು ಮಾಡಿವ್ನಿ."

ಈಗ ಹೇಳಬೇಕು ಎಂದುಕೊಂಡ ಷಡಕ್ಷರಿ. ಅಂತರ ಮೂರು ಮಕ್ಕಳದು, ನಾನು ಕಂಬಗಳ ಕಾಲು ಕತ್ತರಿಸಿದ್ದೇನೆ. ಮಾತು ಸಿದ್ಧವಾಗಿತ್ತು, ಎರಡು ವಾಕ್ಯ. ದೇವಯ್ಯನವರ ಕೈ ನೋಡಿದ. ಜನವರಿಯಲ್ಲಿ ಸಂಜೆಯ ವಿಶೇಷ ತರಗತಿಗಳು ನಡೆಯುತ್ತಿದ್ದಾಗ ಇದೇ ಕೈ ಅವನ ಭುಜದ ಮೇಲಿತ್ತು. "ನಂದು ಎಂಗೋ ಆಯ್ತದೆ. ನಿಮ್ ಲೆಕ್ಕವೇ ಐಕ್ಳಿಗೆ ಕಷ್ಟ. ನನ್ ಟೈಮ್ನೂ ನೀವೇ ತಕ್ಕಳಿ," ಎಂದು ತಮ್ಮ ಇಂಗ್ಲಿಷಿನ ಗಂಟೆಯನ್ನು ಪರೀಕ್ಷೆಯವರೆಗೂ ಅವನಿಗೆ ಬಿಟ್ಟುಕೊಟ್ಟಿದ್ದರು. ಬಿಟ್ಟುಕೊಟ್ಟು ಮನೆಗೂ ಹೋಗುತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು, ತರಗತಿ ಮುಗಿದ ಮೇಲೆ ದೂರದ ಊರಿನ ಹೆಣ್ಣುಮಕ್ಕಳನ್ನು ಬಸ್ಸು ಹತ್ತಿಸುತ್ತಿದ್ದರು. ನೀಲಿ ಕಂಬದ ಎಂಟು ಮನೆಗಳಲ್ಲಿ ಎಷ್ಟು ಮನೆ ದೇವಯ್ಯನವರು ಕಟ್ಟಿಕೊಟ್ಟದ್ದು? ಅದನ್ನು ತೋರಿಸುವ ನಕ್ಷೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಉಪಕಾರ ಮಾಡಿದವರ ಎದುರು ಕೂತು ಊಟ ಮಾಡುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಕಷ್ಟವಾದದ್ದಕ್ಕೆ ದೇವಯ್ಯನವರ ಮೇಲೆಯೇ ಒಂದು ಕ್ಷಣ ಕೋಪ ಬಂತು. ಯಾರು ಕೇಳಿದ್ದರು ಇವರನ್ನು ಗಂಟೆ ಬಿಟ್ಟುಕೊಡಿ ಅಂತ? ಇಂಥ ಒಳ್ಳೆಯವರು ಪಕ್ಕದಲ್ಲಿದ್ದರೆ ಉಳಿದವರು ಬದುಕುವುದು ಹೇಗೆ? ಸಾರು ಚೆನ್ನಾಗಿದೆ, ತಗೊಳ್ಳಿ ಎಂದು ಡಬ್ಬಿಯನ್ನು ಅವರ ಕಡೆ ತಳ್ಳಿದ.

ಮೂರು ಗಂಟೆಗೆ ಮೀಟಿಂಗಿಗೆ ರಜನೀಶನ ಕಾರು ಬಂತು. ಜೊತೆಗೆ ಮಂಡಳಿಯ ಇಬ್ಬರು ಹಿರಿಯ ಸದಸ್ಯರು. ಹೆಡ್‌ಮೇಷ್ಟ್ರ ಕುರ್ಚಿಯನ್ನು ಖಾಲಿ ಬಿಟ್ಟು ಎಲ್ಲರೂ ಎದುರಿಗೆ ಕೂತರು. ಕುರ್ಚಿಯ ಹಿಂದೆ ಗೋಡೆಯ ಮೇಲೆ ನಕ್ಷೆ. ಪುಟ್ಟಸ್ವಾಮಿ ಸ್ಟೀಲ್ ಲೋಟಗಳಲ್ಲಿ ಕಾಫಿ ತಂದ. ತಟ್ಟೆಯಲ್ಲಿ ಒಂದೇ ಒಂದು ಪೇಪರ್ ಕಪ್ಪಿತ್ತು. ದೇವಯ್ಯ ಮೇಷ್ಟ್ರು ಯಾವತ್ತಿನ ಹಾಗೆ ಅದನ್ನು ತಾವಾಗಿಯೇ ತೆಗೆದುಕೊಂಡರು. "ನಂಗೆ ಇದ್ರಾಗೇ ಅಭ್ಯಾಸ," ಎಂದು ಯಾರೂ ಕೇಳದಿದ್ದರೂ ಹೇಳಿದರು. ಆ ಕಪ್ಪನ್ನು ಷಡಕ್ಷರಿ ಎಷ್ಟು ವರ್ಷಗಳಿಂದ ನೋಡುತ್ತಿದ್ದ! ಇವತ್ತು ಮಾತ್ರ ಅದು ಕಣ್ಣಿಗೆ ಚುಚ್ಚಿತು.

"ನಮ್ ಷಡಕ್ಷರಿ ಮೇಷ್ಟ್ರು ಎಷ್ಟು ಕ್ಲಿಯರಾಗಿ ಬರ್ದಿದಾರೆ ನೋಡಿ," ಎಂದು ರಜನೀಶ್ ಮೊಬೈಲಿನ ತುದಿಯಿಂದ ಗೋಡೆ ತೋರಿಸಿದ. "ಇದು ಮ್ಯಾಥ್ಸು. ಇದು ಇಂಗ್ಲಿಷು."

ಸದಸ್ಯರಲ್ಲಿ ಹಿರಿಯರು, ಬಿಳಿ ಪಂಚೆಯವರು, ಕನ್ನಡಕ ಸರಿಮಾಡಿಕೊಂಡು ನೋಡಿದರು. "ನಾಕ್ ಪಾಲು ವೆತ್ಯಾಸ ಐತಲ್ಲಪ್ಪ! ಇದೇನ್ ದೇವಯ್ಯ?"

ದೇವಯ್ಯನವರು ಎದ್ದು ನಿಂತರು. ಪ್ರಶ್ನೆಗೆ ಉತ್ತರ ಬಾರದ ಹುಡುಗರು ನಿಲ್ಲುತ್ತಾರಲ್ಲ, ಹಾಗೆ, ಕೈ ಕಟ್ಟಿಕೊಂಡು. ಷಡಕ್ಷರಿಗೆ ತಡೆಯಲಾಗಲಿಲ್ಲ.

"ಸಾರ್, ಅದು ಸ್ಕೇಲು... ಎಂಬತ್ತೆಂಟರಿಂದ ಶುರುವಾಗುತ್ತೆ," ಎಂದ.

"ಹೂಂ, ಬರ್ದಿದೀರಲ್ಲ, ಕಾಣ್ತೈತೆ," ಎಂದ ರಜನೀಶ್. "ಎಲ್ಲಾ ಸರಿಯಾಗೇ ಐತೆ."

ಎಲ್ಲ ಸರಿಯಾಗಿಯೇ ಇತ್ತು. ಹೇಳಬೇಕಾದ್ದನ್ನು ಹೇಳಿದ್ದೇನೆ, ಅವರಿಗೆ ಅರ್ಥವಾಗದಿದ್ದರೆ ನಾನೇನು ಮಾಡಲಿ ಎಂದುಕೊಂಡು ಷಡಕ್ಷರಿ ಕುರ್ಚಿಗೆ ಒರಗಿದ. ಮೂರು ಮಕ್ಕಳು ಎಂಬ ಎರಡು ಪದ ನಾಲಿಗೆಯ ತುದಿಯಲ್ಲೇ ಉಳಿದವು. ಅವನ ಕಣ್ಣು ಗೆರೆಯ ಬುಡ ಹುಡುಕಿತು. ಗೀಟು ಕಾಣಲಿಲ್ಲ. ದೂರ ಇದೆಯಲ್ಲ, ಅದಕ್ಕೇ. ಹತ್ತಿರ ಹೋದರೆ ಕಾಣುತ್ತದೆ. ಇಲ್ಲಿ ಕೂತವರಲ್ಲಿ ಒಬ್ಬರಾದರೂ ಎದ್ದು ಹತ್ತಿರ ಹೋಗಬಾರದೇ ಎಂದು ಬೇಡಿಕೊಂಡ, ಯಾರೂ ಹೋಗದಿರಲಿ ಎಂದೂ ಬೇಡಿಕೊಂಡ.

"ನಾನು ಯಾರ್ನೂ ಏನೂ ಅನ್ನಲ್ಲ," ರಜನೀಶ್ ಮೆಲ್ಲಗೆ ಹೇಳಿದ. "ಸೀನಿಯಾರಿಟಿ ದೇವಯ್ಯ ಮೇಷ್ಟ್ರುದೇ. ಅವರು ಬೇಕು ಅಂದ್ರೆ ಕೊಡ್ಲೇಬೇಕು. ಆದ್ರೆ ಆ ಕುರ್ಚಿ ಹಿಂದೆ ಈ ಷೀಟು ವರ್ಷ ಪೂರ್ತಿ ಇರ್ತದೆ. ಬಂದೋರೆಲ್ಲಾ ನೋಡ್ತಾರೆ. ಅವರಿಗೇ ಮುಜುಗರ ಆಗ್ಬಾರ್ದು, ಅಷ್ಟೇ ನಾನ್ ಹೇಳೋದು."

ದೇವಯ್ಯ ಮೇಷ್ಟ್ರು ನಕ್ಷೆಯ ಕಡೆ ಒಂದು ಸಲ ತಿರುಗಿ ನೋಡಿದರು. ತಮ್ಮ ಹೆಸರು, ಅದರ ಮೇಲೆ ಬೆರಳುದ್ದದ ಕಂಬ.

"ನನ್ನಿಂದ ಸ್ಕೂಲಿಗೆ ಕೆಟ್ಟೆಸ್ರು ಬ್ಯಾಡ ಸಾ," ಎಂದರು. "ಇಷ್ಟು ವರ್ಸ ಏನೋ ಪಾಠ ಮಾಡ್ತಾ ಇವ್ನಿ ಅಂದ್ಕಂಡಿದ್ದೆ. ಮಾಡಿರೋದು ಇಷ್ಟೇ ಅಂತ ಈಗ ಕಾಣ್ತು. ಷಡಕ್ಷರಿ ಮೇಷ್ಟ್ರು ಕೂತ್ಕಳ್ಳಿ. ಅವ್ರು ತಕ್ಕೋರು."

ರಜನೀಶ್ ಫೈಲಿನಿಂದ ಒಂದು ಹಾಳೆ ತೆಗೆದ. ತನಗೆ ಇಷ್ಟವಿಲ್ಲ, ಮುಂದಿನವರಿಗೆ ಕೊಡಬಹುದು ಎಂದು ಮೊದಲೇ ಟೈಪಾಗಿತ್ತು, ದೇವಯ್ಯನವರ ಹೆಸರಿನ ಸಮೇತ. ಅವರು ಜೇಬು ತಡಕಿದರು, ಪೆನ್ನು ಸಿಗಲಿಲ್ಲ. ಷಡಕ್ಷರಿ ತನ್ನದನ್ನು ಕೊಟ್ಟ. ಕೊಡುವಾಗ ಮುಚ್ಚಳ ತೆಗೆದು ಕೊಟ್ಟ, ಹಿರಿಯರಿಗೆ ಕೊಡುವ ಹಾಗೆ. ಸಹಿಯಾದ ಮೇಲೆ ಬಿಳಿ ಪಂಚೆಯವರು ಷಡಕ್ಷರಿಯ ಕೈ ಕುಲುಕಿ, "ನಮ್ಮೋರು ಒಬ್ರು ಬಂದಂಗಾಯ್ತು ಬುಡಪ್ಪ," ಎಂದು ಜೋರಾಗಿಯೇ ಹೇಳಿದರು. ರಜನೀಶ್ ಕೆಮ್ಮಿ ಬೇರೆ ಮಾತು ತೆಗೆದ. ದೇವಯ್ಯ ಮೇಷ್ಟ್ರು ಖಾಲಿ ಪೇಪರ್ ಕಪ್ಪನ್ನು ಕೈಯಲ್ಲೇ ಮಡಿಸುತ್ತ ಅದನ್ನು ಹಾಕಲು ಜಾಗ ಹುಡುಕುತ್ತಿದ್ದರು.

ಸಂಜೆ ಯಾವಾಗಲೂ ಅವರಿಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗುವುದು. ನುಗ್ಗೇಹಳ್ಳಿ ರಸ್ತೆಯಿಂದ ಚನ್ನರಾಯಪಟ್ಟಣದ ದಾರಿಯಲ್ಲಿ ದೇವಯ್ಯನವರ ಊರಿಗೆ ತಿರುಗಿಕೊಳ್ಳುವ ಬಸ್‌ಸ್ಟಾಪು, ಊರಿನ ಗೇಟು, ಬರುತ್ತದೆ. ಇವತ್ತು ಅವರು ಬಸ್ಸಿಗೆ ಹೋಗಲಿ ಎಂದು ಷಡಕ್ಷರಿ ಒಳಗೆ ಸುಮ್ಮನೆ ಕಡತ ತಿರುಗಿಸುತ್ತ ತಡಮಾಡಿದ. ಹೊರಗೆ ಬಂದಾಗ ಅವರು ಸ್ಕೂಟರಿನ ಪಕ್ಕದಲ್ಲೇ ನಿಂತು, ಕರವಸ್ತ್ರದಿಂದ ಸೀಟಿನ ಧೂಳು ಒರೆಸುತ್ತಿದ್ದರು. ಬೇರೆ ದಾರಿಯಿರಲಿಲ್ಲ. ಎದುರುಗಾಳಿಗೆ ಸ್ಕೂಟರು ಹೊಯ್ದಾಡಿತು. ಬೆನ್ನಿಗೆ ತಾಗುತ್ತಿದ್ದ ಅವರ ಚೀಲದೊಳಗಿನ ಊಟದ ಡಬ್ಬಿ ಹಳ್ಳ ಬಂದಾಗಲೆಲ್ಲ ಸದ್ದು ಮಾಡುತ್ತಿತ್ತು. ಬೈಯಲಿ, ಏನಾದರೂ ಅನ್ನಲಿ ಎಂದು ಅವನು ಕಾಯುತ್ತಿದ್ದ. ಒಂದು ಮಾತು ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು, ಆ ಜಗಳದಲ್ಲಿ ಎಲ್ಲವೂ ಹೊರಗೆ ಬಂದುಬಿಡುತ್ತಿತ್ತು. ನಾಳೆ ಬೆಳಿಗ್ಗೆ ಮೊದಲು ಹೋಗಿ ಮುರುಕು ಗೀಟನ್ನು ಕಪ್ಪು ಮಸಿಯಲ್ಲಿ ದಪ್ಪಗೆ ತಿದ್ದಿಬಿಡುತ್ತೇನೆ ಎಂದುಕೊಂಡ. ದೇವಯ್ಯನವರನ್ನು ಅದರ ಎದುರು ನಿಲ್ಲಿಸಿ ಹೇಳುತ್ತೇನೆ. ರಜನೀಶ್ ಏನಾದರೂ ಮಾಡಿಕೊಳ್ಳಲಿ. ತಡವಾಗಿಲ್ಲ. ಗೀಟು ಇದೆ, ನಾನು ಹಾಕಿದ್ದೇನೆ, ಅದೇ ಸಾಕ್ಷಿ. ಈ ಯೋಚನೆಯಿಂದ ಎದೆ ಹಗುರಾಯಿತು. ಮೇಘಶ್ರೀಗೂ ಅರ್ಧ ಅಂಕ ಕೊಟ್ಟುಬಿಡುತ್ತೇನೆ ಎಂದುಕೊಂಡಾಗ ಅವನಿಗೆ ಅಳುವಷ್ಟು ಸಮಾಧಾನವಾಯಿತು.

ಗೇಟು ಬಂತು. ದೇವಯ್ಯ ಮೇಷ್ಟ್ರು ಇಳಿದು ಚೀಲ ಹೆಗಲಿಗೆ ಹಾಕಿಕೊಂಡರು. ಹೋಗಲಿಲ್ಲ, ನಿಂತರು.

"ಮೇಷ್ಟ್ರೇ, ಒಂದ್ ಮಾತು. ತಪ್ಪು ತಿಳ್ಕಬ್ಯಾಡಿ."

"ಹೇಳಿ," ಎಂದ ಷಡಕ್ಷರಿ.

"ಮಧ್ಯಾಹ್ನ ಷೀಟು ತಗುಲಿಸ್ಬೇಕಾದ್ರೆ ನೋಡ್ದೆ. ಎಡಗಡೆ ಗೆರೆ ಕೆಳಗೆ, ಪೆನ್ಸಿಲ್ನಾಗೆ ಅಂಕುಡೊಂಕಾಗಿ ಒಂದು ಗೀಟು ಉಳ್ಕಂಡಿತ್ತು. ಅವಸರದಾಗೆ ನೀವು ಒರೆಸೋದು ಮರ್ತಿದ್ರಿ ಅನ್ನಿಸ್ತು. ಕಮಿಟಿಯೋರು ಬತ್ತಾರೆ, ಅಷ್ಟು ಚೆಂದಾಗಿ ಬರ್ದಿರೋದ್ರಾಗೆ ಅದೊಂದು ಕೊಳಕಾಗಿ ಕಾಣ್ತಿತ್ತು. ನಾನೇ ರಬ್ಬರ್ ತಕ್ಕಂಡು ಒರೆಸ್ಬುಟ್ಟೆ. ಗುರುತೇ ಇಲ್ದಂಗೆ ಒರೆಸಿವ್ನಿ. ನಿಮ್ಮುನ್ನ ಕೇಳ್ದೆ ಮಾಡ್ದೆ ಅಂತ ಅವಾಗ್ಲಿಂದ ಮನಸಿಗೆ ಒಂಥರಾ ಆಗಿತ್ತು."

ಷಡಕ್ಷರಿ ಅವರ ತೋಳು ನೋಡಿದ. ಮಡಿಕೆಯಲ್ಲಿ ಆ ಪುಡಿ ಇನ್ನೂ ಇತ್ತು, ರಬ್ಬರಿನದು. ಹಿಂದಿನಿಂದ ಬಂದ ಬಸ್ಸು ಗೇಟಿನಲ್ಲಿ ನಿಂತು ಇಬ್ಬರನ್ನು ಇಳಿಸಿ, ಧೂಳೆಬ್ಬಿಸಿ ಹೋಯಿತು. ಅವನು ತನ್ನೊಳಗೆ ನೋವು ಎಲ್ಲಿದೆ ಎಂದು ಹುಡುಕಿದ. ಸಿಕ್ಕಿದ್ದು ನೆಮ್ಮದಿ. ಇನ್ನು ನಾಳೆ ಬೇಗ ಹೋಗಬೇಕಾಗಿಲ್ಲ. ತಿದ್ದುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ. ಆ ನೆಮ್ಮದಿಯ ಹೇಸಿಗೆ ಅವನಿಗೆ ಚೆನ್ನಾಗಿಯೇ ತಿಳಿಯಿತು, ಆದರೂ ಅದು ಹೋಗಲಿಲ್ಲ.

"ಒಳ್ಳೇ ಕೆಲ್ಸ ಮಾಡಿದ್ರಿ ಮೇಷ್ಟ್ರೇ," ಎಂದ. ದನಿ ಒಂದಿಷ್ಟೂ ನಡುಗಲಿಲ್ಲ.

ದೇವಯ್ಯನವರ ಮುಖ ಅರಳಿತು. "ಅಂಗಾದ್ರೆ ಸರಿ ಬುಡಿ," ಎಂದರು. "ಬತ್ತೀನಿ, ಹೆಡ್‌ಮೇಷ್ಟ್ರೇ."